ಸುತ್ತಿಗೆ ಬಿದ್ದರಷ್ಟೇ ಸಾಲದು

2022ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಸಮೀಪದ ಫಾಂಟೆನ್‌ಬ್ಲೋ ಊರಿನಲ್ಲಿ ಚೀನೀ ಹೂದಾನಿಯೊಂದು ಹರಾಜಿಗೆ ಬಂತು. ನೀಲಿ-ಬಿಳಿ ಪಿಂಗಾಣಿ, ಮೈತುಂಬ ಡ್ರ್ಯಾಗನ್ ಮತ್ತು ಮೋಡಗಳ ಚಿತ್ತಾರ. ವಿದೇಶದಲ್ಲಿದ್ದ ಮಹಿಳೆಯೊಬ್ಬರು ತೀರಿಕೊಂಡ ತಾಯಿಯ ಮನೆಯ ಸಾಮಾನುಗಳ ಜೊತೆ ಅದನ್ನೂ ಒಸೆನಾ ಹರಾಜು ಸಂಸ್ಥೆಗೆ ಒಪ್ಪಿಸಿದ್ದರು. ಅದು ಇಪ್ಪತ್ತನೇ ಶತಮಾನದ್ದು ಎಂಬುದು ಸಂಸ್ಥೆಯ ತಜ್ಞರ ತೀರ್ಮಾನ. ಕಟ್ಟಿದ ಅಂದಾಜು ಬೆಲೆ 1,500ರಿಂದ 2,000 ಯೂರೊ. ಆದರೆ ಕೂಗು ನಿಂತದ್ದು 77 ಲಕ್ಷ ಯೂರೊಗೆ. ಶುಲ್ಕ ಸೇರಿ ಅದು 91 ಲಕ್ಷ ದಾಟಿತು.

ಅದೇ ಹೂದಾನಿಯನ್ನು ಮನೆಗೆ ಬಂದ ವ್ಯಾಪಾರಿಯೊಬ್ಬ ಎರಡು ಸಾವಿರ ಯೂರೊಗೆ ಕೇಳಿದ್ದರೆ? ಆ ಕುಟುಂಬ ಸಂತೋಷದಿಂದಲೇ ಕೊಟ್ಟುಬಿಡುತ್ತಿತ್ತು, ಕಳೆದುಕೊಂಡದ್ದೇನು ಎಂಬುದು ಎಂದೂ ತಿಳಿಯುತ್ತಿರಲಿಲ್ಲ. ಹಲವರ ಕಣ್ಣೆದುರು ನಡೆಯುವ ಪೈಪೋಟಿಯೇ ಹರಾಜಿನ ಬಲ. ಒಬ್ಬರ ಲೆಕ್ಕ ತಪ್ಪಿದರೂ ಸವಾಲು ಕೂಗುವವರು ಅದನ್ನು ಮೀರಿ ಹೋಗುತ್ತಾರೆ.

ಆದರೆ ಕೂಗಿದ ಬೆಲೆಯೆಲ್ಲ ಕೈಗೆ ಬರುವ ದುಡ್ಡಲ್ಲ. 2010ರ ನವೆಂಬರ್‌ನಲ್ಲಿ ಲಂಡನ್ ಹೊರವಲಯದ ಬೇನ್‌ಬ್ರಿಡ್ಜಸ್ ಎಂಬ ಸಣ್ಣ ಸಂಸ್ಥೆ ಚೀನೀ ಚಕ್ರವರ್ತಿ ಚಿಯಾನ್‌ಲಾಂಗ್ ಕಾಲದ ಹೂದಾನಿಯನ್ನು ಹರಾಜಿಗಿಟ್ಟಿತು. ಸಿಕ್ಕಿದ್ದು ಪಿನ್ನರ್ ಬಡಾವಣೆಯ ಮನೆಯೊಂದರಲ್ಲಿ. ಸುತ್ತಿಗೆ ಬಿದ್ದದ್ದು 4.3 ಕೋಟಿ ಪೌಂಡ್‌ಗೆ. ಕೊಳ್ಳುವವರ ಶುಲ್ಕ ಸೇರಿ 5.16 ಕೋಟಿ. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಕೊಂಡಾತ ಮಾತ್ರ ಹಣ ಕಟ್ಟಲಿಲ್ಲ. ಎರಡು ವರ್ಷ ಕಾದ ಮೇಲೆ ಬೊನಮ್ಸ್ ಹರಾಜು ಸಂಸ್ಥೆ ಖಾಸಗಿ ಮಾತುಕತೆಯಲ್ಲಿ ಬೇರೊಬ್ಬರಿಗೆ ಮಾರಿಸಿತು. ವರದಿಗಳ ಪ್ರಕಾರ ಬಂದದ್ದು 2ರಿಂದ 2.5 ಕೋಟಿ ಪೌಂಡ್.

ಹೀಗಾಗಿಯೇ ದೊಡ್ಡ ಸಂಸ್ಥೆಗಳು ಬೆಲೆಬಾಳುವ ವಸ್ತುಗಳಿಗೆ ಕೂಗುವವರಿಂದ ಮುಂಗಡ ಠೇವಣಿ ಕೇಳುತ್ತವೆ. ಮಾರುವವರು ಒಪ್ಪಂದದಲ್ಲಿ ಮೊದಲು ನೋಡಬೇಕಾದದ್ದೂ ಇದನ್ನೇ: ಹಣ ಎಷ್ಟು ದಿನಕ್ಕೆ ಬರುತ್ತದೆ, ಕೊಂಡವರು ಕೈಕೊಟ್ಟರೆ ಮುಂದೇನು? ಮಾರುವವರ ಕಮಿಷನ್, ವಿಮೆ, ಸಾಗಣೆ, ಕ್ಯಾಟಲಾಗ್ ಫೋಟೊದ ಖರ್ಚು ಇವೆಲ್ಲ ಸುತ್ತಿಗೆಯ ಬೆಲೆಯಿಂದಲೇ ಕಡಿತವಾಗಬಹುದು. ವಸ್ತು ಬೆಲೆಬಾಳುವಂಥದ್ದಾದರೆ ಕಮಿಷನ್ ಇಳಿಸಲು ಕೇಳುವುದರಲ್ಲಿ ಸಂಕೋಚ ಬೇಡ. 1990ರ ದಶಕದಲ್ಲಿ ಸಾದಬೀಸ್ ಮತ್ತು ಕ್ರಿಸ್ಟೀಸ್ ಹರಾಜು ಸಂಸ್ಥೆಗಳು ಒಳಗೊಳಗೇ ಮಾತಾಡಿಕೊಂಡು ಕಮಿಷನ್ ದರ ನಿಗದಿ ಮಾಡಿದ್ದು ಬಯಲಾಗಿ, ಗ್ರಾಹಕರ ಮೊಕದ್ದಮೆಯನ್ನು 51.2 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಹೆಸರು ದೊಡ್ಡದು ಎಂದು ಲೆಕ್ಕ ಕೇಳದೆ ಬಿಡಬಾರದು.

ನೀವೇ ಗೊತ್ತುಮಾಡುವ ಕನಿಷ್ಠ ಬೆಲೆಯಲ್ಲೂ ಎಚ್ಚರ ಬೇಕು. ತೀರಾ ಏರಿಸಿದರೆ ವಸ್ತು ಮಾರಾಟವಾಗದೆ ಉಳಿಯುತ್ತದೆ. ಆ ಸುದ್ದಿ ಮಾರುಕಟ್ಟೆಗೆಲ್ಲ ತಿಳಿದು, ಮುಂದೆ ಕೊಳ್ಳಬಂದವರು 'ಇದರಲ್ಲೇನೋ ಐಬಿದೆ' ಎಂದು ಹಿಂಜರಿಯುತ್ತಾರೆ.

ಸ್ವತಂತ್ರ ಸಲಹೆಗಾರರ ಬೆಲೆ ತಿಳಿಯುವುದು ಇಲ್ಲೇ. ಯಾವ ವಸ್ತುವಿಗೆ ಹಾಂಗ್‌ಕಾಂಗ್ ಸರಿ, ಯಾವುದಕ್ಕೆ ಲಂಡನ್ ಸರಿ, ಯಾವುದನ್ನು ಸದ್ದಿಲ್ಲದೆ ಸಂಗ್ರಾಹಕರಿಗೆ ಮಾರಬೇಕು ಎಂದು ಒಳ್ಳೆಯ ಸಲಹೆಗಾರ ಹೇಳಬಲ್ಲ. ಆದರೆ ಅವನಿಗೆ ದುಡ್ಡು ಕೊಡುವವರು ಯಾರು? ಎರಡೂ ಕಡೆಯಿಂದ ಕಮಿಷನ್ ಪಡೆಯುವವನು ನಿಮ್ಮ ಪರ ವಾದಿಸಲಾರ. 'ನಾನೇ ಕೊಳ್ಳುತ್ತೇನೆ' ಎಂದ ಗಳಿಗೆಯಿಂದ ಅವನು ಸಲಹೆಗಾರನಲ್ಲ, ಗಿರಾಕಿ.

ಹೂದಾನಿಯ ತಳದಲ್ಲಿರುವ ಚಕ್ರವರ್ತಿಯ ಮುದ್ರೆಯನ್ನು ಕಂಡು ಹಿಗ್ಗುವುದೂ ಬೇಡ. 1662ರಿಂದ 1722ರವರೆಗೆ ಆಳಿದ ಚಕ್ರವರ್ತಿ ಕಾಂಗ್‌ಶೀ ಕಾಲದ ಕುಶಲಿಗಳು ಹದಿನೈದನೇ ಶತಮಾನದ ಚಕ್ರವರ್ತಿ ಚೆಂಗ್‌ಹುವಾನ ಮುದ್ರೆಯನ್ನು ಗೌರವದಿಂದಲೇ ಬರೆಯುತ್ತಿದ್ದರು. ಮೋಸಕ್ಕೆಂದು ಬರೆದವರೂ ಇದ್ದಾರೆ. ಮುದ್ರೆಗಿಂತ ಹೆಚ್ಚು ಮಾತಾಡುವುದು ಪಾದದ ಅಂಚು, ಮೆರುಗು, ಕುಂಚದ ಗತಿ. ಇವುಗಳ ಜೊತೆಗೆ ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆ. ಅಜ್ಜನ ಕಾಲದ ರಸೀದಿ, ಪತ್ರ, ಹೂದಾನಿ ಕಾಣುವ ಹಳೆಯ ಫೋಟೊ, ಯಾವುದನ್ನೂ ಎಸೆಯಬಾರದು.

ಇಂಥ ವಸ್ತು ನಮ್ಮ ಮನೆಗಳಲ್ಲಿದ್ದರೆ ಕಾನೂನನ್ನೂ ನೋಡಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ, ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸಲು ಬಿಡುವುದಿಲ್ಲ. ಅದು ವಸ್ತುವಿನ ವಯಸ್ಸನ್ನು ನೋಡುತ್ತದೆಯೇ ಹೊರತು ತಯಾರಾದ ದೇಶವನ್ನಲ್ಲ.

ಹೆಚ್ಚಿನ ನಷ್ಟವಾಗುವುದು ಹಿರಿಯರು ಹೋದ ಮನೆಯನ್ನು ಆತುರದಲ್ಲಿ ಖಾಲಿ ಮಾಡುವಾಗ. ಆ ಕೆಲಸ ಒಂದೆರಡು ತಿಂಗಳು ಮುಂದಕ್ಕೆ ಹೋದರೂ ಪರವಾಗಿಲ್ಲ. ಪರಸ್ಪರ ಸಂಬಂಧವಿಲ್ಲದ ಇಬ್ಬರು ತಜ್ಞರ ಲಿಖಿತ ಅಭಿಪ್ರಾಯ ಕೈಗೆ ಬರುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.