ಕಚೇರಿಯಲ್ಲಿ ಆಟದ ಅಂಗಳ

ಮನುಷ್ಯನು ತನ್ನ ಎಚ್ಚರದ ವೇಳೆಯ ಬಹುಭಾಗವನ್ನು ದುಡಿಮೆಯಲ್ಲಿ ಕಳೆಯುತ್ತಾನೆ. ಆ ದುಡಿಮೆ ನಡೆಯುವ ಸ್ಥಳವು ಹೇಗಿರಬೇಕೆಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಅದು ಅವನ ನೆಮ್ಮದಿಗೂ ಬುದ್ಧಿಶಕ್ತಿಗೂ ಗೌರವಕ್ಕೂ ಸಂಬಂಧಿಸಿದ ಪ್ರಶ್ನೆ.

ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೆಲಸಗಾರನ ಪ್ರತಿಯೊಂದು ಚಲನೆಯನ್ನೂ ಅಳೆದು ಅನಾವಶ್ಯಕವಾದುದನ್ನು ತೆಗೆದುಹಾಕಬೇಕೆಂದು ವಾದಿಸಿದನು. ಈ ವಿಚಾರದ ಪ್ರಭಾವದಿಂದ, ಸಾಲಾಗಿ ಮೇಜುಗಳನ್ನಿಟ್ಟು ಮೇಲ್ವಿಚಾರಕನ ಕಣ್ಣಳವಿನಲ್ಲಿಯೇ ನೌಕರರನ್ನು ಕೂರಿಸುವ ಪದ್ಧತಿ ಕಚೇರಿಗಳಲ್ಲಿ ಬಲವಾಯಿತು. ಒಂದೇ ಬಗೆಯ ಲೆಕ್ಕವನ್ನು ದಿನವಿಡೀ ಬರೆಯುವುದಕ್ಕೆ ಇದು ಸಾಕಾಗಿದ್ದಿರಬಹುದು. ಆದರೆ ಹೊಸದನ್ನು ಕಲ್ಪಿಸುವ ಮನಸ್ಸು ಕಾವಲಿನಲ್ಲಿ ಅರಳುವುದಿಲ್ಲ. ಆಟದಲ್ಲಿ ತಪ್ಪಿನ ಭಯ ಕಡಿಮೆ. ಭಯ ಕಡಿಮೆಯಾದಲ್ಲಿ ಮನಸ್ಸು ಹೊಸ ಹಾದಿಗಳನ್ನು ಹುಡುಕಲು ಹಿಂಜರಿಯುವುದಿಲ್ಲ. ಇದನ್ನರಿತ ಕೆಲವು ಸಂಸ್ಥೆಗಳು ಕಚೇರಿಯೊಳಕ್ಕೆ ಆಟವನ್ನೇ ಬರಮಾಡಿಕೊಂಡವು. 2008ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ತೆರೆದ ಗೂಗಲ್ ಕಚೇರಿಯಲ್ಲಿ, ಊಟದ ಮನೆಗೆ ಇಳಿಯಲು ಜಾರುಬಂಡಿಯಿತ್ತು. ಹಿಮಪರ್ವತಗಳ ತೂಗುತೊಟ್ಟಿಲುಗಳು ಸಭಾಕೊಠಡಿಗಳಾಗಿದ್ದವು. ನಮ್ಮ ಬೆಂಗಳೂರಿನ ಕೆಲವು ಕಚೇರಿಗಳಲ್ಲಿಯೂ ಆಟದ ಮೇಜುಗಳನ್ನು ಕಾಣಬಹುದು.

ಹಾಗಾದರೆ ಜಾರುಬಂಡಿಯನ್ನು ಕಟ್ಟಿಸಿದ ಮಾತ್ರಕ್ಕೆ ನೌಕರನು ಸುಖಿಯಾಗುವನೆ? ಅಮೆರಿಕದ ಎರಡು ನಿದರ್ಶನಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಷಿಯಟ್ ಡೇ ಎಂಬ ಜಾಹೀರಾತು ಸಂಸ್ಥೆಯು 1994ರ ಸುಮಾರಿಗೆ ತನ್ನ ಕಚೇರಿಗಳನ್ನು ಸಂಪೂರ್ಣವಾಗಿ ಮಾರ್ಪಡಿಸಿತು. ಕಣ್ಣು ಕೋರೈಸುವ ಬಣ್ಣಗಳು, ವಿಚಿತ್ರಾಕಾರದ ಪೀಠೋಪಕರಣಗಳು, ಇಬ್ಬರು ಕುಳಿತು ಮಾತನಾಡಲು ಜಾತ್ರೆಯ ತಿರುಗುಯಂತ್ರದಿಂದ ತಂದ ತೊಟ್ಟಿಲುಗಳು! ಆದರೆ ಯಾರಿಗೂ ಸ್ವಂತದ ಮೇಜಿರಲಿಲ್ಲ. ನೌಕರರು ಪ್ರತಿದಿನವೂ ಕಂಪ್ಯೂಟರನ್ನೂ ದೂರವಾಣಿಯನ್ನೂ ಎರವಲು ಪಡೆದು, ಸಿಕ್ಕಿದಲ್ಲಿ ಕೂರಬೇಕಾಗಿತ್ತು. ಎರವಲು ಕೊಡುವ ಉಪಕರಣಗಳು ಎಲ್ಲರಿಗೂ ಸಾಲುತ್ತಿರಲಿಲ್ಲ. ಕಡತಗಳನ್ನಿಡಲು ಸ್ಥಳವಿಲ್ಲದೆ ಕೆಲವರು ಅವುಗಳನ್ನು ತಮ್ಮ ಕಾರುಗಳಲ್ಲಿ ಇರಿಸಿಕೊಂಡರು. ಒಬ್ಬ ನೌಕರಳು ಮಕ್ಕಳ ಆಟದ ಬಂಡಿಯಲ್ಲಿ ತನ್ನ ಸಾಮಗ್ರಿಯನ್ನು ಎಳೆದುಕೊಂಡು ತಿರುಗಿದಳು. ಕೆಲವೇ ವರ್ಷಗಳಲ್ಲಿ ಸಂಸ್ಥೆಯು ಈ ಪ್ರಯೋಗವನ್ನು ಕೈಬಿಟ್ಟಿತು.

ಎರಡನೆಯದು ಇದಕ್ಕೆ ತೀರ ವಿರುದ್ಧವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ರೇಡಾರ್ ಸಂಶೋಧನೆಗೆಂದು ಮರದ ಕಟ್ಟಡವೊಂದನ್ನು ತರಾತುರಿಯಿಂದ ಕಟ್ಟಿಸಿತು. ಅದಕ್ಕೆ ಸರಿಯಾದ ಹೆಸರೂ ಇರಲಿಲ್ಲ. ‘ಕಟ್ಟಡ 20’ ಎಂದಷ್ಟೇ ಕರೆದರು. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಕೊರೆತ. ಯುದ್ಧ ಮುಗಿದೊಡನೆ ಕೆಡವಬೇಕಾಗಿದ್ದ ಆ ಕಟ್ಟಡವು 1998ರವರೆಗೆ ಬಾಳಿತು. ಅಲ್ಲಿ ಗೋಡೆ ಅಡ್ಡವಾದರೆ ಒಡೆಯಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿರಲಿಲ್ಲ. ಪರಮಾಣು ಗಡಿಯಾರದ ಸಂಶೋಧನೆಯಲ್ಲಿ ತೊಡಗಿದ್ದ ಜೆರಾಲ್ಡ್ ಜಕರಾಯಸ್, ಮೂರಂತಸ್ತು ಎತ್ತರದ ಉಪಕರಣವನ್ನು ನಿಲ್ಲಿಸಲು ಮೇಲಂತಸ್ತುಗಳ ನೆಲವನ್ನೇ ಕಿತ್ತುಹಾಕಿಸಿದನು. ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ಕೆಲಸ ಮಾಡಿದ್ದೂ ಅಲ್ಲಿಯೇ. ಆಟಿಕೆ ರೈಲುಗಳನ್ನು ಓಡಿಸುವ ವಿದ್ಯಾರ್ಥಿಗಳ ಸಂಘವೂ ಅಲ್ಲಿತ್ತು. ಆ ಹುಡುಗರೇ ಮುಂದೆ ಕಂಪ್ಯೂಟರುಗಳತ್ತ ಒಲಿದರು. 1962ರಲ್ಲಿ ರೂಪುಗೊಂಡ ‘ಸ್ಪೇಸ್ ವಾರ್’ ಎಂಬ ಪ್ರಸಿದ್ಧ ಕಂಪ್ಯೂಟರ್ ಆಟವು ಅವರ ಬಳಗದ ಕೊಡುಗೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಪ್ರಕಟಿಸಿದ ಪ್ರಯೋಗವು ಇದರ ಮೇಲೆ ಬೆಳಕು ಚೆಲ್ಲುತ್ತದೆ. ಅವರು ಕೆಲವರನ್ನು ಬರಿದಾದ ಕೊಠಡಿಯಲ್ಲಿಯೂ, ಕೆಲವರನ್ನು ಗಿಡಗಳಿಂದಲೂ ಚಿತ್ರಗಳಿಂದಲೂ ಅಲಂಕರಿಸಿದ ಕೊಠಡಿಯಲ್ಲಿಯೂ ದುಡಿಸಿದರು. ಅಲಂಕೃತ ಕೊಠಡಿಯವರ ಸಾಧನೆ ಶೇಕಡಾ 17ರಷ್ಟು ಹೆಚ್ಚಾಗಿತ್ತು. ಅವೇ ಗಿಡಗಳನ್ನೂ ಚಿತ್ರಗಳನ್ನೂ ತಮ್ಮ ಇಷ್ಟದಂತೆ ಜೋಡಿಸಿಕೊಂಡವರ ಸಾಧನೆಯಾದರೋ ಶೇಕಡಾ 32ರಷ್ಟು ಮೇಲಿತ್ತು. ಆದರೆ ಜೋಡಿಸಿಕೊಂಡ ಮೇಲೆ ಯಾರ ಜೋಡಣೆಯನ್ನು ಪ್ರಯೋಗಕಾರರು ಬಂದು ಬದಲಿಸಿದರೋ ಅವರ ಉತ್ಸಾಹ ಕುಸಿಯಿತು. ಕೊಠಡಿ ಅಂದವಾಗಿಯೇ ಇತ್ತು; ತನ್ನದೆಂಬ ಭಾವ ಮಾತ್ರ ಹೋಗಿತ್ತು.

ಸೌಂದರ್ಯವು ಬೇಡವೆಂದು ಇದರ ಅರ್ಥವಲ್ಲ. ಬೆಳಕು, ಹಸುರು, ಬಣ್ಣ ಇವು ದುಡಿಯುವವನಿಗೆ ಹಿತವನ್ನೇ ಉಂಟುಮಾಡುತ್ತವೆ. ಆದರೆ ಆಟವು ಮೇಲಿನವರ ಅಪ್ಪಣೆಯಿಂದ ಬರುವ ವಸ್ತುವಲ್ಲ. ‘ಆಡು’ ಎಂದು ಗದರಿಸಿದರೆ ಮಗುವೂ ಆಡುವುದಿಲ್ಲ. ನಾಳೆ ನಿಮ್ಮಲ್ಲಿ ಕೆಲವರು ಕಚೇರಿಗಳಲ್ಲಿ ದುಡಿಯುವಿರಿ. ಕೆಲವರು ಕಚೇರಿಗಳನ್ನು ಕಟ್ಟಿಸುವಿರಿ. ಕಟ್ಟಿಸುವವರು ಕೊಠಡಿಯ ಬಣ್ಣವನ್ನು ಆರಿಸುವ ಮುನ್ನ, ಅಲ್ಲಿ ಕುಳಿತು ದುಡಿಯಬೇಕಾದವರನ್ನು ಒಂದು ಮಾತು ಕೇಳುವುದು ಒಳ್ಳೆಯದು.