ಹೊಗೆಯಿಲ್ಲದ ಅಗ್ಗಿಷ್ಟಿಕೆ: ಹಿತ್ತಿಲಿಗೆ ಯಾವುದು ಸರಿ, ಕೋಣೆಗೆ ಏಕೆ ಸಲ್ಲದು

ಗಡಿನಾಡಿನ ಚಳಿ ಎಲ್ಲೆಡೆ ಒಂದೇ ಬಗೆಯದಲ್ಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರ್, ಜನವರಿಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆ. ವಯನಾಡು, ತಾಳವಾಡಿಗಳ ಬೆಟ್ಟದ ಊರುಗಳಲ್ಲಿ ಸಂಜೆಯಾಗುತ್ತಲೇ ಥಂಡಿ ಇಳಿಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಬಯಲಿನಲ್ಲಿ ಹಗಲೆಲ್ಲ ಬಿಸಿಲಿದ್ದರೂ ಬೆಳಗಿನ ಜಾವ ಮೈ ನಡುಗುತ್ತದೆ. ಇಂಥ ಹೊತ್ತಿನಲ್ಲಿ ಹಿತ್ತಿಲಲ್ಲಿ ನಾಲ್ಕು ಕಟ್ಟಿಗೆ ಒಟ್ಟಿ ಬೆಂಕಿ ಕಾಯಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಆ ಬೆಂಕಿಯ ಜಾಗಕ್ಕೆ ಈಗ ‘ಸ್ಮೋಕ್‌ಲೆಸ್ ಫೈರ್ ಪಿಟ್’ ಎಂಬ ಉಕ್ಕಿನ ಪಾತ್ರೆಗಳು ಅಂತರಜಾಲದ ಅಂಗಡಿಗಳಿಂದ ಬರತೊಡಗಿವೆ. ಎತ್ತಿಕೊಂಡು ಹೋಗಬಹುದಾದ, ಹೊಗೆಯಿಲ್ಲದ ಅಗ್ಗಿಷ್ಟಿಕೆ ಎಂದು ಇದನ್ನು ನಾವು ಕರೆಯಬಹುದು.

ಪಾತ್ರೆಯೊಡನೆ ಬರುವ ಸೂಚನೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಬೆಂಕಿಯ ಸುತ್ತ ಕೂರುವ ಅಜ್ಜ ಅಜ್ಜಿಯರಿಗೂ ಕನ್ನಡ ಶಾಲೆಯ ಮಕ್ಕಳಿಗೂ ಅವು ತಲುಪುವುದು ಕಷ್ಟ. ಆದುದರಿಂದ ಈ ವಸ್ತು ಹೇಗೆ ಕೆಲಸ ಮಾಡುತ್ತದೆ, ಕೊಳ್ಳುವಾಗ ಏನು ನೋಡಬೇಕು, ಯಾವ ತಪ್ಪು ಪ್ರಾಣಕ್ಕೆ ಎರವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಒಂದು ಮಾತು, ಮೂರು ಅರ್ಥ

‘ಹೊಗೆಯಿಲ್ಲದ’ ಎಂಬ ಮಾತು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತಿದೆ.

ಮೊದಲನೆಯದು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಈ ಬಗೆಯದು. ಅಲ್ಲಿ ಕಟ್ಟಿಗೆ ಕಡಿಮೆ ಸಾಕು, ಅಡುಗೆಮನೆಗೆ ಹೊಗೆ ತುಂಬದು. ಆದರೆ ಅದು ನೆಲಕ್ಕೆ ಕಟ್ಟಿದ ಒಲೆ, ಎತ್ತಿ ಒಯ್ಯಲು ಬಾರದು.

ಎರಡನೆಯದು ಹೊಗೆಯನ್ನೇ ಉರಿಸಿಬಿಡುವ ಪಾತ್ರೆ. ಇಂದು ಮಾರಾಟಕ್ಕೆ ಬಂದಿರುವ ಎರಡು ಗೋಡೆಯ ಅಗ್ಗಿಷ್ಟಿಕೆಗಳು ಈ ಗುಂಪಿನವು.

ಮೂರನೆಯದು ಇದ್ದಿಲು ತುಂಬಿದ ಅಗ್ಗಿಷ್ಟಿಕೆ. ಇದರಲ್ಲಿ ಹೊಗೆ ಕಾಣದಿರುವುದಕ್ಕೆ ಕಾರಣ ಸರಳ: ಕಟ್ಟಿಗೆಯನ್ನು ಇದ್ದಿಲಾಗಿ ಸುಡುವಾಗಲೇ ಅದರ ಹೊಗೆಯೆಲ್ಲ ಹೊರಟುಹೋಗಿರುತ್ತದೆ. ಉಳಿದಿರುವುದು ಹೆಚ್ಚಿನಂಶ ಇಂಗಾಲ. ಕಣ್ಣಿಗೆ ಅತ್ಯಂತ ಶುದ್ಧವಾಗಿ ಕಾಣುವ ಈ ಬೆಂಕಿಯೇ ಮುಚ್ಚಿದ ಕೋಣೆಯಲ್ಲಿ ಅತ್ಯಂತ ಅಪಾಯಕಾರಿ. ಅದನ್ನು ಮುಂದೆ ನೋಡೋಣ.

ಹೊಗೆ ಉರಿಯುವ ಬಗೆ

ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಕಾದಾಗ ಅದರಿಂದ ಅನಿಲಗಳೂ ಟಾರಿನಂಥ ಆವಿಯೂ ಹೊರಡುತ್ತವೆ. ಜ್ವಾಲೆಯಾಗಿ ಕಾಣುವುದು ಅವು ಉರಿಯುವ ಕ್ರಿಯೆ. ಗಾಳಿ ಸಾಲದೆಯೋ ಶಾಖ ಸಾಲದೆಯೋ ಉರಿಯದೆ ಉಳಿದ ಭಾಗವೇ ಹೊಗೆ. ಹೊಗೆಯೆಂದರೆ ಪೋಲಾದ ಉರುವಲು ಎಂದರೂ ಸಲ್ಲುತ್ತದೆ.

ಎರಡು ಗೋಡೆಯ ಪಾತ್ರೆಯ ತಳದ ತೂತುಗಳಿಂದ ಗಾಳಿ ಒಳಸೇರುತ್ತದೆ. ಅದರಲ್ಲಿ ಒಂದು ಪಾಲು ಕಟ್ಟಿಗೆಯ ಬುಡಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಮೇಲೇರುತ್ತಾ ಚೆನ್ನಾಗಿ ಕಾದು, ಬಾಯಂಚಿನ ಕೆಳಗಿನ ಸಾಲುತೂತುಗಳಿಂದ ಒಳಕ್ಕೆ ನುಗ್ಗುತ್ತದೆ. ಮೇಲೆದ್ದ ಹೊಗೆಗೆ ಅಲ್ಲಿ ಬಿಸಿಗಾಳಿ ಸಿಕ್ಕಿ ಅದು ಮತ್ತೊಮ್ಮೆ ಹೊತ್ತಿಕೊಳ್ಳುತ್ತದೆ. ಬಾಯಂಚಿನ ಸುತ್ತ ಸಣ್ಣ ಸಣ್ಣ ಜ್ವಾಲೆಗಳ ಸಾಲು ಕಂಡರೆ ಈ ಎರಡನೆಯ ದಹನ ನಡೆಯುತ್ತಿದೆ ಎಂದು ತಿಳಿಯಬೇಕು.

ಇದರಿಂದ ಮೂರು ಮಾತು ಸ್ಪಷ್ಟವಾಗುತ್ತವೆ. ಲೋಹ ಕಾಯುವವರೆಗೆ, ಅಂದರೆ ಮೊದಲ ಕೆಲವು ನಿಮಿಷ, ಹೊಗೆ ಬಂದೇ ಬರುತ್ತದೆ. ಕಟ್ಟಿಗೆಯನ್ನು ಮೇಲಿನ ತೂತುಗಳಿಗಿಂತ ಎತ್ತರಕ್ಕೆ ಪೇರಿಸಿದರೆ ಹೊಗೆ ಬಿಸಿಗಾಳಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಹಸಿ ಕಟ್ಟಿಗೆ ಹಾಕಿದರೆ ಎಷ್ಟೇ ಬೆಲೆಯ ಪಾತ್ರೆಯಾದರೂ ಸೋಲುತ್ತದೆ.

ಕೊಳ್ಳುವಾಗ ನೋಡಬೇಕಾದುದು

ಗೋಡೆ ನಿಜವಾಗಿಯೂ ಎರಡಿದೆಯೇ ಎಂಬುದು ಮೊದಲ ಪ್ರಶ್ನೆ. ಒಂದೇ ತಗಡಿನ ಡಬ್ಬಕ್ಕೆ ಅಂದಕ್ಕೆಂದು ತೂತು ಕೊರೆದು ಅದೇ ಹೆಸರಿನಲ್ಲಿ ಮಾರುವುದುಂಟು. ತಳದಲ್ಲೂ ಒಳಗೋಡೆಯ ಮೇಲಂಚಿನಲ್ಲೂ ತೂತುಗಳಿದ್ದು, ನಡುವೆ ಟೊಳ್ಳು ಇದ್ದರೆ ಮಾತ್ರ ಅದು ಈ ಬಗೆಯದು.

ಎರಡನೆಯದು ಲೋಹ. ಸಾದಾ ಕಬ್ಬಿಣದ ತೆಳು ತಗಡು ಅಗ್ಗ. ಆದರೆ ಕಾದು ಸೊಟ್ಟಗಾಗುತ್ತದೆ, ಬೇಗ ತುಕ್ಕು ಹಿಡಿಯುತ್ತದೆ. ಕಾಸರಗೋಡಿನಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. 304 ದರ್ಜೆಯ ತುಕ್ಕುರಹಿತ ಉಕ್ಕು ಹೆಚ್ಚು ಬಾಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಅಯಸ್ಕಾಂತ ಬಲವಾಗಿ ಅಂಟುವುದಿಲ್ಲ. ಇದು ಮಕ್ಕಳೇ ಮಾಡಿ ನೋಡಬಹುದಾದ ಪರೀಕ್ಷೆ.

ಮೂರನೆಯದು ಗಾತ್ರ ಮತ್ತು ತೂಕ. ನಾಲ್ಕೈದು ಮಂದಿಗೆ ಒಂದರಿಂದ ಒಂದೂವರೆ ಅಡಿ ಅಗಲದ ಬಾಯಿ ಸಾಕು. ಒಬ್ಬರೇ ಎತ್ತಿ ಜಗಲಿಯ ಮೂಲೆಗೆ ಇಡಲಾಗದ ಪಾತ್ರೆ ಮಳೆಯಲ್ಲಿ ನೆನೆದು ಕೆಡುತ್ತದೆ. ಬೂದಿಯ ತಟ್ಟೆ ಬೇರೆಯಾಗಿ ಹೊರಗೆ ಬರುವಂತಿರಬೇಕು. ಬೂದಿ ಕಟ್ಟಿಕೊಂಡರೆ ತಳದ ಗಾಳಿ ನಿಂತು ಹೊಗೆ ಮರಳಿ ಬರುತ್ತದೆ. ಕಾಲುಗಳ ಮೇಲೆ ನಿಲ್ಲುವ ಪಾತ್ರೆಯಾದರೆ ಅಂಗಳದ ಸಿಮೆಂಟು, ಟೈಲ್ಸ್ ಬಿರಿಯುವ ಭಯ ಕಡಿಮೆ.

ಒಂದು ಕೊರತೆಯನ್ನೂ ಹೇಳಬೇಕು. ಈ ಪಾತ್ರೆಗಳ ಶಾಖ ಹೆಚ್ಚಾಗಿ ಮೇಲಕ್ಕೆ ಹೋಗುತ್ತದೆ. ಎತ್ತರದ ಗೋಡೆ ಕೆಂಡವನ್ನು ಮರೆಮಾಡುವುದರಿಂದ ಸುತ್ತ ಕುಳಿತವರ ಕಾಲಿಗೆ ಬಯಲು ಬೆಂಕಿಯಷ್ಟು ಕಾವು ಸಿಗದು. ಕಟ್ಟಿಗೆಯೂ ಬೇಗ ಉರಿದುಹೋಗುತ್ತದೆ. ಕಾವಿಗಾಗಿಯೇ ಕೊಳ್ಳುವವರು ಕಡಿಮೆ ಎತ್ತರದ, ಅಗಲ ಬಾಯಿಯ ಪಾತ್ರೆಯನ್ನು ಆರಿಸುವುದು ಲೇಸು. ಎತ್ತಿ ಒಯ್ಯುವ ಕಟ್ಟಿಗೆ ಒಲೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 13152 ಎಂಬ ಮಾನದಂಡವಿದೆ. ಅದು ಅಡುಗೆಯ ಒಲೆಗಳಿಗೆ ಸಂಬಂಧಿಸಿದ್ದು. ಮಾರುವವರು ಆ ಸಂಖ್ಯೆ ತೋರಿಸಿದರೆ ಅದು ಯಾವ ವಸ್ತುವಿಗೆ ಸಿಕ್ಕಿದ್ದೆಂದು ಕೇಳಬೇಕು.

ನಮ್ಮ ಊರುಗಳ ಉರುವಲು

ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಕುದಿಯುವ ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲರಿ ಶಾಖ ಬೇಕು. ಹಸಿ ಕಟ್ಟಿಗೆಯ ಬೆಂಕಿ ತನ್ನ ಶಕ್ತಿಯನ್ನು ಈ ಕೆಲಸಕ್ಕೇ ಕಳೆದುಕೊಂಡು ತಣ್ಣಗಾಗಿ ಹೊಗೆಯುಗುಳುತ್ತದೆ. ಸೀಳಿ, ಮಳೆ ತಾಗದಂತೆ ಒಟ್ಟಿ, ತಿಂಗಳುಗಟ್ಟಲೆ ಒಣಗಿಸಿ, ನೀರಿನಂಶ ನೂರಕ್ಕೆ 20ಕ್ಕಿಂತ ಕೆಳಗಿಳಿದ ಕಟ್ಟಿಗೆ ಇದಕ್ಕೆ ತಕ್ಕುದು. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದಾಗ ‘ಟಣ್’ ಎಂಬ ಗಟ್ಟಿ ಸದ್ದು ಬಂದರೆ ಅದು ಒಣಗಿದೆ. ಮಂಕು ಸದ್ದಾದರೆ ಇನ್ನೂ ಹಸಿ.

ಕಾಸರಗೋಡಿನಲ್ಲಿ ಒಣ ತೆಂಗಿನ ಚಿಪ್ಪು, ನೀಲಗಿರಿಯಲ್ಲಿ ಸೀಳಿದ ನೀಲಗಿರಿ ಮರ, ತಾಳವಾಡಿಯಲ್ಲಿ ಕಾಳು ಬಿಡಿಸಿದ ಜೋಳದ ತೆನೆಯ ದಿಂಡು, ಜತ್ತ ಸೊಲ್ಲಾಪುರಗಳಲ್ಲಿ ತೊಗರಿಕಟ್ಟಿಗೆ, ಆದೋನಿಯಲ್ಲಿ ಹತ್ತಿಕಟ್ಟಿಗೆ, ರಾಯದುರ್ಗ ಮಡಕಶಿರಾಗಳಲ್ಲಿ ಬಳ್ಳಾರಿ ಜಾಲಿ ಒಳ್ಳೆಯ ಉರುವಲು. ತೊಗರಿ, ಹತ್ತಿಗಳ ಕಡ್ಡಿ ಭಗ್ಗನೆ ಉರಿದು ಮುಗಿಯುವುದರಿಂದ ಅವು ಹೊತ್ತಿಸಲು ಹೆಚ್ಚು ಸೂಕ್ತ. ಗೇರುಬೀಜದ ಸಿಪ್ಪೆಯನ್ನು ಹಾಕಲೇಬಾರದು. ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು, ಚರ್ಮಗಳನ್ನು ಸುಡುತ್ತದೆ. ಕಣಗಿಲೆಯ ಕೊಂಬೆ ವಿಷ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಇವುಗಳಿಗೂ ಇಲ್ಲಿ ಜಾಗವಿಲ್ಲ.

ಕೋಣೆಯೊಳಗೆ ತರಬಾರದು

ಇನ್ನು ಮುಖ್ಯ ಮಾತು. ಹೊಗೆ ಕಾಣದಿದ್ದರೆ ವಿಷವಿಲ್ಲವೆಂದು ಅರ್ಥವಲ್ಲ. ಇಂಗಾಲವು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇವು ಅದರ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಆ ಎಚ್ಚರಿಕೆಯೂ ಸಿಗುವುದಿಲ್ಲ.

ಚಳಿ ತಾಳಲಾರದೆ ಕೆಂಡದ ಪಾತ್ರೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವುದು ಬೆಟ್ಟದ ಊರುಗಳಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿರುವ ರೂಢಿ. ಉರಿ ಆರಿ ಕೆಂಡ ಮಾತ್ರ ಉಳಿದಾಗ ಹೊಗೆ ಇರುವುದಿಲ್ಲ, ಈ ಅನಿಲ ಮಾತ್ರ ಹೊರಡುತ್ತಲೇ ಇರುತ್ತದೆ. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟರೆ ಸಾಕೆಂಬ ನಂಬಿಕೆ ಸರಿಯಲ್ಲ. ಕೋಣೆ, ಡೇರೆ, ಮುಚ್ಚಿದ ಜಗಲಿ, ಕಾರಿನ ಒಳಗೆ ಯಾವುದೇ ಅಗ್ಗಿಷ್ಟಿಕೆಯೂ ಸಲ್ಲದು. ಯಾರಾದರೂ ಹೀಗೆ ಅಸ್ವಸ್ಥರಾದರೆ ಮೊದಲು ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು.

ಹೊರಗೂ ಕೆಲವು ನಿಯಮಗಳಿವೆ. ಗೋಡೆ, ಹುಲ್ಲಿನ ಬಣವೆ, ಒಣಹಾಕಿದ ಬಟ್ಟೆಗಳಿಂದ ಕನಿಷ್ಠ 3 ಮೀಟರ್ ದೂರವಿರಲಿ. ಹೊರಗೋಡೆಯೂ ಚರ್ಮ ಸುಡುವಷ್ಟು ಕಾಯುವುದರಿಂದ ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬಾರದು. ಕಾಡಂಚಿನ ಊರುಗಳಲ್ಲಿ ಫೆಬ್ರವರಿಯ ನಂತರ, ಗಾಳಿ ಬೀಸುವ ದಿನಗಳಲ್ಲಿ, ಬೆಂಕಿ ಹೊತ್ತಿಸದಿರುವುದೇ ಒಳಿತು. ಉಬ್ಬಸವಿರುವ ಮಕ್ಕಳು ಗಾಳಿ ಬರುವ ಕಡೆಗೆ, ಬೆಂಕಿಯಿಂದ ದೂರ ಕೂರಲಿ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಈ ಪಾತ್ರೆಯಿಂದಲೂ ಬರುತ್ತವೆ. ಕಾದ ಪಾತ್ರೆಗೆ ನೀರು ಸುರಿದರೆ ಉಕ್ಕು ಸೊಟ್ಟಗಾಗುತ್ತದೆ, ಬಿಸಿ ಆವಿ ಮುಖಕ್ಕೆ ಹೊಡೆಯುತ್ತದೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ, ಪೂರ್ತಿ ಆರುವವರೆಗೆ ದೊಡ್ಡವರೊಬ್ಬರು ಕಾಯಬೇಕು. ಆದರೂ ಅವಸರದಲ್ಲಿ ಆರಿಸಲೆಂದು ಒಂದು ಬಕೆಟ್ ಮರಳು ಹತ್ತಿರವಿರಲಿ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಹುದು. ಮುಚ್ಚಳವಿರುವ ಲೋಹದ ಡಬ್ಬದಲ್ಲಿಟ್ಟು, ತಣಿದ ಮೇಲೆ ತರಕಾರಿ ಪಾತಿಗೆ ಹಾಕಬಹುದು.

ದಹನಕ್ಕೆ ಉರುವಲು, ಗಾಳಿ, ಶಾಖ ಮೂರೂ ಬೇಕೆಂಬ ಪಾಠವನ್ನು ನಮ್ಮ ಮಕ್ಕಳು ವಿಜ್ಞಾನದ ತರಗತಿಯಲ್ಲಿ ಓದುತ್ತಾರೆ. ಈ ಚಳಿಗಾಲದಲ್ಲಿ ಅದನ್ನು ಅವರು ಮನೆಯ ಹಿರಿಯರಿಗೆ ಕನ್ನಡದಲ್ಲೇ ವಿವರಿಸಲಿ. ಹೊಸ ಪಾತ್ರೆ ಕೊಳ್ಳದ ಮನೆಯಲ್ಲೂ ಒಂದು ನಿಯಮವನ್ನು ಇಂದೇ ಜಾರಿಗೆ ತರಬಹುದು: ಬೆಂಕಿ ಹಿತ್ತಿಲಲ್ಲಿ, ಕಂಬಳಿ ಕೋಣೆಯಲ್ಲಿ.