ಹಳೆಯ ಅಂಬಾಸಿಡರ್ ಕಾರಿನ ಗೇರು: ದೋಷನಿರ್ಣಯದ ಕ್ರಮ

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಗೇರುಪೆಟ್ಟಿಗೆಯ ವಿಚಾರವೇಕೆಂದು ವಾಚಕರು ಕೇಳಬಹುದು. ಕಳೆದ ಶತಮಾನದ ಯಂತ್ರಗಳೂ ಶಾಸನಗಳಂತೆ ಚಾರಿತ್ರಿಕ ಆಧಾರಗಳೇ. ಓದಲಾಗದ ಅಕ್ಷರವನ್ನು ತಿದ್ದಿ ಕೆತ್ತುವುದು ಹೇಗೆ ಅಪಚಾರವೋ, ಅರ್ಥವಾಗದ ಭಾಗವನ್ನು ಕಿತ್ತೆಸೆಯುವುದೂ ಹಾಗೆಯೇ. ಮಂಡಿ ಮೊಹಲ್ಲಾದ ಗ್ಯಾರೇಜೊಂದರಲ್ಲಿ ಈ ಲೇಖಕನು ಕಂಡ ಪ್ರಸಂಗವೇ ಈ ಬರಹಕ್ಕೆ ಕಾರಣ. 1960ರ ದಶಕದ ಅಂಬಾಸಿಡರೊಂದರ ಗೇರು ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಮಾಲೀಕರು ಬೇಸತ್ತು ಮೂಲ ಪೆಟ್ಟಿಗೆಯನ್ನೇ ತೆಗೆಸಿ, ಅದೇ ಕಾರಿನ ಈಚಿನ ಮಾದರಿಗಳಲ್ಲಿ ಬಂದ ಇಸುಜು ಐದು ಗೇರಿನ ಪೆಟ್ಟಿಗೆಯನ್ನು ಕೂಡಿಸಲು ನಿಶ್ಚಯಿಸಿದ್ದರು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲಸ್ವರೂಪವನ್ನು ಉಳಿಸಿಕೊಂಡ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ ದೊರೆಯುತ್ತದೆ. ಆದುದರಿಂದ ಪ್ರಶ್ನೆಯು ಕೇವಲ ಭಾವುಕತೆಯದಾಗಿರಲಿಲ್ಲ.

ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯನ್ನು ಆಧರಿಸಿ 1957ರಲ್ಲಿ ಬಂದ ಈ ಕಾರು 2014ರವರೆಗೆ ತಯಾರಾಯಿತು. ಹಳೆಯ ಮಾದರಿಗಳಿಗೆ ನಾಲ್ಕು ಗೇರು. ಹಿಡಿ ಸ್ಟೇರಿಂಗ್ ಕಂಬದ ಮೇಲೆ. ಹಲ್ಲುಗಳ ವೇಗವನ್ನು ಸಮಗೊಳಿಸುವ ಸಿಂಕ್ರೊಮೆಷ್ ವ್ಯವಸ್ಥೆಯನ್ನು ಕ್ಯಾಡಿಲ್ಯಾಕ್ ಸಂಸ್ಥೆ 1928ರಲ್ಲಿಯೇ ಬಳಕೆಗೆ ತಂದಿದ್ದರೂ ಇವುಗಳ ಮೊದಲನೆಯ ಗೇರಿಗೆ ಅದಿರಲಿಲ್ಲ. ಕಾರು ಉರುಳುತ್ತಿರುವಾಗಲೇ ಆ ಗೇರಿಗೆ ತಳ್ಳಿದರೆ ಕರಕರ ಶಬ್ದ ಬರುವುದು ಸಹಜ. ಅದನ್ನು ರೋಗವೆಂದು ತಿಳಿಯಬಾರದು.

ಮೊದಲು ಮಾಡಬೇಕಾದ ಪರೀಕ್ಷೆ ಅತಿ ಸುಲಭವಾದುದು. ಎಂಜಿನ್ ನಿಲ್ಲಿಸಿ ಗೇರು ಬದಲಾಯಿಸಿ ನೋಡಬೇಕು. ಆಗ ಸರಾಗವಾಗಿ ಬಿದ್ದು, ಎಂಜಿನ್ ನಡೆಯುವಾಗ ಮಾತ್ರ ತಡೆದರೆ, ದೋಷ ಪೆಟ್ಟಿಗೆಯಲ್ಲಿಲ್ಲ, ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದರ್ಥ. ಎಂಜಿನ್ ನಿಂತಾಗಲೂ ಸಿಕ್ಕಿಕೊಂಡರೆ ಹಿಡಿಯಿಂದ ಪೆಟ್ಟಿಗೆಯವರೆಗಿನ ಸರಳುಗಳನ್ನು ನೋಡಬೇಕು. ಎಂಜಿನ್ ಕೂಗಿದರೂ ಕಾರು ಅದಕ್ಕೆ ತಕ್ಕಂತೆ ಓಡದಿದ್ದರೆ ಕ್ಲಚ್ಚು ಜಾರುತ್ತಿದೆ. ಕೈಬ್ರೇಕ್ ಎಳೆದು, ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟಾಗ ಎಂಜಿನ್ ನಿಂತುಹೋಗಬೇಕು. ನಿಲ್ಲದಿದ್ದರೆ ಕ್ಲಚ್ ಪ್ಲೇಟ್ ಸವೆದಿರುತ್ತದೆ, ಇಲ್ಲವೆ ಎಣ್ಣೆ ಸೋರಿ ಅದರ ಮೇಲೆ ಬಿದ್ದಿರುತ್ತದೆ.

ಶಬ್ದವೂ ಒಳ್ಳೆಯ ಸಾಕ್ಷಿ. ಕ್ಲಚ್ಚನ್ನು ಒತ್ತಿದಾಗ ಮಾತ್ರ ಕೇಳಿಸಿದರೆ ಕ್ಲಚ್ ಬೇರಿಂಗಿನ ಮೇಲೆ ಸಂಶಯ. ನ್ಯೂಟ್ರಲ್ಲಿನಲ್ಲಿದ್ದು ಒತ್ತಿದಾಗ ಅಡಗಿದರೆ ಪೆಟ್ಟಿಗೆಯೊಳಗಿನ ಬೇರಿಂಗುಗಳ ಮೇಲೆ. ನಾಲ್ಕನೆಯ ಗೇರಿನಲ್ಲಿ ಶಕ್ತಿ ನೇರವಾಗಿ ಹಾಯುವುದರಿಂದ ಪಕ್ಕದ ದಂಡದ ಮೇಲೆ ಭಾರ ಬೀಳುವುದಿಲ್ಲ. ಆದಕಾರಣ ಉಳಿದ ಮೂರರಲ್ಲಿ ಗೋಳಿಟ್ಟು ನಾಲ್ಕನೆಯದರಲ್ಲಿ ಶಾಂತವಾಗುವ ಕಾರಿನ ದೋಷ ಬಹುಶಃ ಆ ದಂಡದಲ್ಲಿದೆ. ಗೇರು ತಾನಾಗಿ ಹಾರಿಬೀಳುತ್ತಿದ್ದರೆ, ಅದನ್ನು ಹಿಡಿದಿಡುವ ಸ್ಪ್ರಿಂಗ್ ಸೋತಿದೆಯೇ, ಹಲ್ಲಿನ ಅಂಚು ಸವೆದಿದೆಯೇ ಎಂದು ನೋಡಬೇಕು. ಪೆಟ್ಟಿಗೆ ಬಿಚ್ಚುವ ಮುನ್ನ ಎಣ್ಣೆಯನ್ನು ಬಟ್ಟಲಿಗೆ ಇಳಿಸಿ ಪರೀಕ್ಷಿಸುವುದು ಲೇಸು: ಅದರಲ್ಲಿ ಉಕ್ಕಿನ ಚೂರುಗಳಿದ್ದರೆ ಬಿಚ್ಚದೆ ಗತಿಯಿಲ್ಲ. ಹೊಸ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದಂತೆಯೇ ಹಾಕಬೇಕು. ಗಂಧಕಯುಕ್ತವಾದ ಕೆಲವು ಆಧುನಿಕ ಎಣ್ಣೆಗಳು ಹಳೆಯ ಕಂಚಿನ ಭಾಗಗಳನ್ನು ತಿನ್ನುತ್ತವೆ.

ಮೇಲೆ ಹೇಳಿದ ಕಾರಿನ ಗೇರು ಎಂಜಿನ್ ನಿಂತಾಗಲೂ ಸಿಕ್ಕಿಕೊಳ್ಳುತ್ತಿತ್ತು. ವೃದ್ಧರಾದ ಮೇಸ್ತ್ರಿಯವರು ಬಾನೆಟ್ ಎತ್ತಿ, ಸ್ಟೇರಿಂಗ್ ಕಂಬದ ಬುಡದ ಸರಳುಗಳನ್ನು ಕೈಯಿಂದಲೇ ನ್ಯೂಟ್ರಲ್ ಸ್ಥಾನಕ್ಕೆ ತಂದರು, ಗೇರು ಬಿಟ್ಟಿತು. ಸರಳುಗಳ ಕೀಲಿನ ಬುಷ್‌ಗಳು ಸವೆದು ಅಂಡಾಕಾರವಾಗಿದ್ದುವು. ಎರಡು ಹೊಸ ಬುಷ್‌ಗಳನ್ನು ಹಾಕಿ, ಸರಳುಗಳ ಉದ್ದವನ್ನು ಸರಿಹೊಂದಿಸಿದರು. ಕಾರು ಮೂಲ ಪೆಟ್ಟಿಗೆಯೊಡನೆಯೇ ಮನೆಗೆ ಹೋಯಿತು. ಮೊದಲನೆಯ ಗೇರು ಮಾತ್ರ ಇಂದಿಗೂ, ತಾಳ್ಮೆಗೆಟ್ಟು ತಳ್ಳಿದರೆ, ಕರಕರ ಎನ್ನುತ್ತದೆ.